ಹಾಡಿಗೆ ಮೊದಲಿನ ಉಸಿರು

ಹಾಡು ಶುರುವಾಗುವ ಮೊದಲು ಒಬ್ಬ ಮನುಷ್ಯ ಉದ್ದಕ್ಕೆ ಉಸಿರು ಎಳೆದುಕೊಂಡ ಸದ್ದು ಕೇಳಿತು. ಅಷ್ಟೇ. ಸೌಟು ಕೆಳಗಿಟ್ಟು ಒಲೆ ಆರಿಸಿದೆ. ಪಕ್ಕದ ಕೋಣೆಯಲ್ಲಿ ಮಗಳು ಹಳೆಯ ಇಂಗ್ಲಿಷ್ ರಾಕ್ ಆಲ್ಬಮ್ ಒಂದನ್ನು ಹಚ್ಚಿದ್ದಳು. ಅದನ್ನು ಹೊಸದಾಗಿ ರಿಮಾಸ್ಟರ್ ಮಾಡಿದ್ದಾರಂತೆ. ಗದ್ದಲದಲ್ಲಿ ಮುಚ್ಚಿಹೋಗಿದ್ದ ಸಣ್ಣ ಸದ್ದುಗಳೂ ಈಗ ಕೇಳುತ್ತವೆ, ಅದಕ್ಕೇ ಹಳಬರೂ ಹೊಸಬರೂ ಮುಗಿಬಿದ್ದು ಕೇಳುತ್ತಿದ್ದಾರೆ ಎಂದು ಹೇಳಿದ್ದಳು. ಹಾಡು ನನಗೆ ಹೊಸದಲ್ಲ. ಆದರೆ ಆಗಿನ ನಮ್ಮ ಕ್ಯಾಸೆಟ್ಟಿನಲ್ಲಿ ಈ ಉಸಿರು ಇರಲಿಲ್ಲ. ಅಂಥ ಉಸಿರನ್ನು ನಾನು ಕೇಳಿದ್ದು ಶಿವೂ ಕಾಕಾನ ಎದೆಯಲ್ಲಿ.

ಶಿಗ್ಗಾಂವದ ನಮ್ಮ ಮನೆ ರಸ್ತೆಗೆ ಆತುಕೊಂಡೇ ಇತ್ತು. ಹೆದ್ದಾರಿ ಅಗಲವಾದಾಗ ಅದು ಹೋಯಿತು; ಈಗ ಅಲ್ಲಿ ಬಸ್ಸುಗಳು ಓಡುತ್ತವೆ. ಅಜ್ಜನದು ಕಾಳಿನ ವ್ಯಾಪಾರ. ಪಡಸಾಲೆಯ ತುಂಬ ಜೋಳದ ಚೀಲಗಳು, ಮೂಗಿಗೆ ಅಡರುವ ಗೋಣಿಯ ವಾಸನೆ, ಆ ಚೀಲಗಳಿಗೆ ಒರಗಿ ಕೂತ ಶಿವೂ ಕಾಕಾ. ಅಪ್ಪನ ತಮ್ಮ ಅವನು. ಧಾರವಾಡದಲ್ಲಿ ಓದುವಾಗ ಗೆಳೆಯನೊಬ್ಬ ಕೊಟ್ಟ ಆ ಕ್ಯಾಸೆಟ್ಟನ್ನು ದಿನಾ ಹಚ್ಚುತ್ತಿದ್ದ. ಅದರ ಇಂಗ್ಲಿಷ್ ಅವನಿಗೂ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಮತ್ತೆ ಯಾಕೆ ಕೇಳುತ್ತೀ ಎಂದರೆ, “ಮಾತು ಯಾರಿಗ ಬೇಕವಾ. ಅಂವ ಕೂಗಿದ್ರ ನನ್ನ ಎದಿ ಹಗುರ ಆಕ್ಕೈತಿ,” ಎನ್ನುತ್ತಿದ್ದ. ನಾನೋ ಆ ಕೂಗು ಬಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಯಾಕೆಂದರೆ ಕಾಕಾನಿಗೆ ಫಿಟ್ಸ್ ಬರುತ್ತಿತ್ತು. ಬೀಳುವ ಮೊದಲು ಅವನು ಉದ್ದಕ್ಕೆ ಉಸಿರು ಎಳೆದುಕೊಂಡು ಆ ಹಾಡಿನವನ ಹಾಗೆಯೇ ಚೀರುತ್ತಿದ್ದ. ಅಡಿಗೆಮನೆಯಲ್ಲಿ ತಾಟು ಬಿದ್ದರೂ ನಾವೆಲ್ಲ ಎದ್ದು ಓಡುತ್ತಿದ್ದೆವು. ಊಟ ಮಾಡುವಾಗಲೂ ನಮ್ಮ ಕಿವಿಗಳು ಪಡಸಾಲೆಯಲ್ಲೇ ಇರುತ್ತಿದ್ದವು.

ಒಂದು ಮಧ್ಯಾಹ್ನ ಮನೆಯವರೆಲ್ಲ ಹಾನಗಲ್ಲಿಗೆ ಮದುವೆಗೆ ಹೋಗಿದ್ದರು. ಜ್ವರ ಬಂದಿದ್ದ ನಾನು ಕಾಕಾನ ಜೊತೆ ಉಳಿದಿದ್ದೆ. ಟೇಪು ಹಾಡುತ್ತಿತ್ತು. ಆ ಕೂಗು ಬರುವ ಮೊದಲೇ ನನ್ನ ಬೆನ್ನ ಹಿಂದೆ ಕಾಕಾ ಉಸಿರು ಎಳೆದುಕೊಂಡ. ಟೇಪಿನ ಕೂಗು, ಕಾಕಾನ ಕೂಗು ಎರಡೂ ಒಟ್ಟಿಗೇ ಎದ್ದವು. ಅವ್ವ ಮಾಡುತ್ತಿದ್ದ ಹಾಗೆ ಅವನನ್ನು ಮಗ್ಗುಲಿಗೆ ಹೊರಳಿಸಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಟೇಪು ನಿಲ್ಲಿಸಲು ಎದ್ದರೆ ಅವನ ತಲೆ ನೆಲಕ್ಕೆ ಬಡಿಯುತ್ತಿತ್ತು. ಹಾಡು ನಡೆದೇ ಇತ್ತು. ಡ್ರಮ್ಮಿನ ಪೆಟ್ಟು ಯಾವುದು, ನೆಲಕ್ಕೆ ಬಡಿಯುವ ಅವನ ಹಿಮ್ಮಡಿಯ ಸದ್ದು ಯಾವುದು, ನನಗೆ ತಿಳಿಯಲಿಲ್ಲ. ಆಮೇಲೆ ಹಿಮ್ಮಡಿಗಳು ನಿಂತವು. ಹಾಡು ಮುಗಿದರೆ ಕಾಕಾನೂ ಮುಗಿದುಹೋಗುತ್ತಾನೆ ಎನ್ನಿಸಿ, ಮುಗಿಯದಿರಲಿ ಎಂದು ಬೇಡಿಕೊಂಡೆ. ಕೊನೆಗೂ ಟೇಪು ತಾನೇ ನಿಂತಿತು. ಎಷ್ಟೋ ಹೊತ್ತಿಗೆ ಕಾಕಾ ಕಣ್ಣು ತೆರೆದ.

“ಹೆದರೀಯೇನವಾ?”

ಇಲ್ಲವೆಂದು ತಲೆ ಅಲ್ಲಾಡಿಸಿದೆ.

“ನನಗ ಭಾಳ ಹೆದರಿಕಿ ಬಂದೈತಿ. ಸ್ವಲ್ಪ ಹೊತ್ತು ಕೈ ಬಿಡಬ್ಯಾಡ,” ಎಂದ.

ದೊಡ್ಡವರಿಗೂ ಹೆದರಿಕೆಯಾಗುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವನು ಬಿದ್ದದ್ದಕ್ಕಿಂತ ಆ ಮಾತಿಗೇ ನಾನು ಹೆಚ್ಚು ಹೆದರಿದೆ.

ಸಂಗತಿ ತಿಳಿದ ಅಜ್ಜ ಕಾಕಾನನ್ನು ಬೈಯಲಿಲ್ಲ, ಟೇಪನ್ನು ಬೈದ. ಆ ಚೀರಾಟವೇ ಹುಡುಗನ ತಲೆ ಕೆಡಿಸಿದೆ ಎಂದು ಅದನ್ನೂ ಕ್ಯಾಸೆಟ್ಟನ್ನೂ ಹಿರೇಕೆರೂರಿನ ತನ್ನ ತಂಗಿಯ ಮನೆಗೆ ಕಳಿಸಿಬಿಟ್ಟ. ಕಾಕಾ ಆಮೇಲೂ ಅದೇ ಚೀಲಗಳಿಗೆ ಒರಗಿ ಸುಮ್ಮನೆ ಕೂರುತ್ತಿದ್ದ. ಹಾಡು ಹೋದ ಮೇಲೆ ನಮ್ಮ ಅಂಜಿಕೆ ಇನ್ನಷ್ಟು ಬೆಳೆಯಿತು. ಅವನು ಆಕಳಿಸಿದರೂ ಬೆಚ್ಚುತ್ತಿದ್ದೆವು. ದಸರೆ ಮುಗಿದ ಮೇಲೆ ಒಂದು ಮುಂಜಾನೆ ಮುಖ ತೊಳೆಯಲು ಹಿತ್ತಲಿಗೆ ಹೋದವನು ಕಲ್ಲಿನ ಮೇಲೆ ಬಿದ್ದ. ಹತ್ತಿರ ಯಾರೂ ಇರಲಿಲ್ಲ. ಅವ್ವ ನೋಡುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆ ದಿನ ಮನೆಯಲ್ಲಿ ಯಾವ ಹಾಡೂ ಇರಲಿಲ್ಲ. ಅದು ಅಜ್ಜನಿಗೂ ಗೊತ್ತಿತ್ತು.

ಕಾಕಾನನ್ನು ಮಣ್ಣು ಮಾಡಲು ಬಂದ ಸವಣೂರಿನ ಬೀಗರೆಲ್ಲ ಹೋದ ಮೇಲೆ ಒಂದು ಸಂಜೆ ಅಜ್ಜ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ಆ ಕ್ಯಾಸೆಟ್ಟಿನಲ್ಲಿ ಏನಿತ್ತು ಎಂದು ಕೇಳಿದ.

“ಒಬ್ಬಾಂವ ಕೂಗ್ತಾನಜ್ಜಾ,” ಎಂದೆ.

“ಯಾರನ್ನ?”

ಗೊತ್ತಿಲ್ಲವೆಂದೆ. ಅಜ್ಜ ಹಿತ್ತಲ ಬಾಗಿಲ ಕಡೆ ತಿರುಗಿದ. ಆಮೇಲೆ ಮೆಲ್ಲಗೆ ಕೇಳಿದ:

“ಅಂವ ಕೂಗಿದ್ದಕ್ಕ ಯಾರರ ಓ ಅಂತಾರೇನು?”

ನಾನು ಆ ಹಾಡುಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ನೆನೆಸಿಕೊಂಡೆ. ಇಲ್ಲವೆಂದೆ.