ಥ್ಯಾಂಕ್ಸ್ ಅಂದ್ರ ಮುಗೀತೇನ್ರೀ?

ಗೆಳೆಯರೇ, ಇವತ್ತು ಬೆಳಿಗ್ಗೆ ಪೋತ್ನಾಳದ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿಂದು, ಹತ್ತನೇ ತರಗತಿಯ ಇಂಗ್ಲಿಷ್ ಉತ್ತರಪತ್ರಿಕೆಗಳ ಕಟ್ಟನ್ನು ಅಲ್ಲೇ ಮರೆತು ಬಸ್ ಹತ್ತಿದೆ. ನೆನಪಾಗಿದ್ದು ಮಾನ್ವಿಯಲ್ಲಿ ಇಳಿದಾಗ. ಮತ್ತೊಂದು ಬಸ್ ಹಿಡಿದು ವಾಪಸ್ ಬಂದರೆ, ಅಂಗಡಿಯ ಯವ್ವ ಉತ್ತರಪತ್ರಿಕೆಗಳಿಗೆ ಎಣ್ಣೆ ತಾಗದಂತೆ ತನ್ನ ಹಳೇ ಸೀರೆ ಸುತ್ತಿ ಎತ್ತಿಟ್ಟಿದ್ದಳು.

"ಥ್ಯಾಂಕ್ಸ್ ಯವ್ವಾ!" ಎಂದೆ.

ಆಕೆಗೆ ಸಿಟ್ಟೇ ಬಂತು. "ಥ್ಯಾಂಕ್ಸ್ ಅಂದ್ರ ಮುಗೀತೇನ್ರೀ ಮಾಸ್ತರ? ಅದು ಹೊರಗಿನವ್ರಿಗೆ ಅನ್ನೋ ಮಾತು."

ಇಂಗ್ಲಿಷ್ ಮಾಸ್ತರನ ಬಾಯಿ ಸುಮ್ಮನಿರುತ್ತದೆಯೇ? "ಹಂಗಲ್ಲ ಯವ್ವಾ. ಥ್ಯಾಂಕ್, ಥಿಂಕ್ ಎರಡೂ ಒಂದೇ ಬೇರಿನಿಂದ ಹುಟ್ಟಿದ ಮಾತು. ಥಿಂಕ್ ಅಂದ್ರ ಮನಸಿನಾಗ ವಿಚಾರ ಮಾಡೋದು. ಥ್ಯಾಂಕ್ಸ್ ಅಂದ್ರ, ನಿನ್ನ ನೆನಪು ಮನಸಿನಾಗ ಇಟ್ಕೋತೀನಿ ಅಂತ."

ಆಕೆ ಬಾಣಲೆಯಲ್ಲಿ ಮಿರ್ಚಿ ತಿರುವಿ ಹಾಕುತ್ತ, "ಚಲೋ ಆತು. ಹಂಗಾರ ನನ್ನ ಹೆಸರು ಹೇಳ್ರಿ ನೋಡೋಣು" ಎಂದಳು.

ಮೂರು ವರ್ಷದಿಂದ ಆಕೆಯ ಕೈಯ ಮಿರ್ಚಿ ತಿನ್ನುತ್ತಿದ್ದೇನೆ. ಹೆಸರು ಮಾತ್ರ ಒಂದು ದಿನವೂ ಕೇಳಿರಲಿಲ್ಲ.

ಕೊನೆಗೆ ಹೆಸರನ್ನು ಆಕೆಯೇ ಹೇಳಿದಳು. ಮಕ್ಕಳ ಉತ್ತರಪತ್ರಿಕೆ ತಿದ್ದುವ ಮೊದಲೇ ಮಾಸ್ತರ ಫೇಲು.

ಥ್ಯಾಂಕ್ಸ್, ಹುಲಿಗೆಮ್ಮ.