ಉರಿಯುವ ಪೆಟ್ಟಿಗೆಯ ಕೆಳಗೆ

ಹೋದ ವಾರ ಶಾಲೆಯೊಂದರ ವಾರ್ಷಿಕೋತ್ಸವಕ್ಕೆಂದು ಹೊಲಿಯಲು ಬಂದಿದ್ದ ಕೆಂಪು ಸ್ಯಾಟಿನ್ ಲಂಗವೊಂದನ್ನು ಇಸ್ತ್ರಿ ಮಾಡಲು ಹೋಗಿ ಸುಟ್ಟುಬಿಟ್ಟೆ. ಅರ್ಧ ಆಯುಷ್ಯ ಹೊಲಿಗೆಯಲ್ಲೇ ಕಳೆದವಳು ಇಂಥ ತಪ್ಪು ಮಾಡಿದೆ ಎಂದು ಹೇಳಿಕೊಳ್ಳಲು ನಾಚಿಕೆ. ಫೋನಿನಲ್ಲಿ ಯಾರೋ ರವಿಕೆಯ ಅಳತೆ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ಆ ವಾಸನೆ ಬಂತು. ಸ್ಯಾಟಿನ್ ಸುಡುವ ವಾಸನೆ ನಿಮಗೂ ಗೊತ್ತಿರಬಹುದು. ಹತ್ತಿ ಬಟ್ಟೆ ಸುಟ್ಟರೆ ಕಾಗದ ಸುಟ್ಟ ಹಾಗೆ, ಕಿಟಕಿ ತೆರೆದರೆ ಹೋಗುತ್ತದೆ. ಇದು ಕರಗಿ ಗಂಟಲಿಗೆ ಅಂಟಿಕೊಳ್ಳುತ್ತದೆ. ಪ್ಲಗ್ಗು ಕಿತ್ತು ಅಂಗಡಿಯಿಂದ ಹೊರಗೆ ಬಂದವಳು ಮಾದನಾಯಕನಹಳ್ಳಿಯ ಲಾರಿ ಧೂಳಿನಲ್ಲಿ ಹತ್ತು ನಿಮಿಷ ನಿಂತೆ. ಪಕ್ಕದ ಬೇಕರಿಯವನು ಏನಾಯ್ತಕ್ಕ ಎಂದು ಕೇಳಿದ. ಲಂಗ ಸುಟ್ಟುಹೋಯಿತು ಎಂದೆ. ಒಂದು ಲಂಗಕ್ಕೆ ಇಷ್ಟು ಹೆದರುವುದೇ ಎಂದು ಅವನು ನಕ್ಕ.

ನಾನು ಪುಕ್ಕಲಿ ಎಂಬುದು ನಮ್ಮ ಬೀದಿಗೆಲ್ಲ ಗೊತ್ತಿರುವ ವಿಷಯ. ಗ್ಯಾಸು ಆರಿಸಿದ್ದೇನೆಯೇ ಎಂದು ನೋಡಲು ಅರ್ಧ ದಾರಿಯಿಂದ ಮನೆಗೆ ವಾಪಸು ಬಂದವಳು ನಾನು. ಬಸ್ಸಿನಲ್ಲಿ ಬಾಗಿಲ ಹತ್ತಿರದ ಸೀಟೇ ಆಗಬೇಕು; ಅದು ಸಿಗದಿದ್ದರೆ ಮುಂದಿನ ಬಸ್ಸು. ಮದುವೆ ಛತ್ರಕ್ಕೆ ಹೋದರೆ ಎಲ್ಲರೂ ವಧುವಿನ ಸೀರೆ ನೋಡುವಾಗ ನಾನು ಹಿಂದಿನ ಬಾಗಿಲಿಗೆ ಬೀಗ ಹಾಕಿದ್ದಾರೆಯೇ ಎಂದು ನೋಡುತ್ತಿರುತ್ತೇನೆ. ಮಗಳು ಇದನ್ನೆಲ್ಲ ನೆಂಟರ ಮುಂದೆ ಅಭಿನಯಿಸಿ ತೋರಿಸುತ್ತಾಳೆ, ಚೆನ್ನಾಗಿಯೇ ಅಭಿನಯಿಸುತ್ತಾಳೆ, ನಾನೂ ಹೊಟ್ಟೆ ಹಿಡಿದುಕೊಂಡು ನಗುತ್ತೇನೆ. ಆದರೆ ಈ ಹೆದರಿಕೆ ಹುಟ್ಟಿನಿಂದ ಬಂದದ್ದಲ್ಲ. ಇದು ಒಂದು ಭಾನುವಾರ ಶುರುವಾಯಿತು, ಮತ್ತು ಅವತ್ತು ನಾನೊಂದು ಸುಳ್ಳು ಹೇಳಿದೆ. ಆ ಸುಳ್ಳಿನಿಂದ ಒಬ್ಬ ಒಳ್ಳೆಯ ಮನುಷ್ಯನ ಬದುಕು ಬೇರೆಯಾಯಿತು. ಇದನ್ನು ನಾನು ಮಗಳಿಗೂ ಹೇಳಿರಲಿಲ್ಲ.

ನಮ್ಮ ತುಮಕೂರು ರಸ್ತೆಯ ಕಡೆಗೆ ಆಗ ಒಂದು ಥೀಮ್ ಪಾರ್ಕು ಇತ್ತು. ಈಗಲೂ ಇದೆ, ಆದರೆ ಅಲ್ಲಿ ಈಗ ಮನುಷ್ಯರು ಆಡುವ ಆಟಗಳಿಲ್ಲ. ವೇದಿಕೆ ಇದ್ದ ಜಾಗದಲ್ಲಿ ದೊಡ್ಡ ಪರದೆ ಹಾಕಿದ್ದಾರೆ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದು ಹೊಲಿದು ಬೇಸತ್ತಿದ್ದ ನನಗೆ ಆ ಪಾರ್ಕಿನ ಉಡುಪಿನ ಕೋಣೆಯಲ್ಲಿ ಕೆಲಸ ಸಿಕ್ಕಿತು. ದಿನಕ್ಕೆ ಮೂರು ಆಟ. ಹನ್ನೊಂದಕ್ಕೆ ನೃತ್ಯ, ಎರಡಕ್ಕೆ ನಗೆನಾಟಕ, ಐದಕ್ಕೆ ಜಾದೂ. ನೋಡಲು ಬರುವವರಲ್ಲಿ ಅರ್ಧದಷ್ಟು ಜನ ಆಟಕ್ಕಲ್ಲ, ಒಣಗುವುದಕ್ಕೆ ಬರುತ್ತಿದ್ದರು. ನೀರಿನ ಕೊಳದಿಂದ ಎದ್ದು, ತಲೆಗೆ ಟವೆಲ್ಲು ಸುತ್ತಿ, ಸಿಮೆಂಟಿನ ಮೆಟ್ಟಿಲುಗಳ ಮೇಲೆ ಬಿಸಿಲು ಬೀಳುವ ಕಡೆ ಸಾಲಾಗಿ ಕೂರುವರು. ವೈಟ್‌ಫೀಲ್ಡಿನ ಕಂಪನಿಯವರು ಒಂದೇ ಬಣ್ಣದ ಟೀಶರ್ಟಿನಲ್ಲಿ ಬಂದು ಒಬ್ಬರನ್ನೊಬ್ಬರು ಕೂಗುತ್ತಿದ್ದರು. ಪೀಣ್ಯದ ಕಾರ್ಖಾನೆಯವರು ಮಕ್ಕಳು ಮರಿ, ಬುತ್ತಿ ಸಮೇತ ಬಂದು ಮುಂದಿನ ಸಾಲು ಹಿಡಿಯುತ್ತಿದ್ದರು. ಬೇಯಿಸಿದ ಜೋಳ, ಕ್ಲೋರಿನ್ನು, ಒದ್ದೆ ಬಟ್ಟೆ ಎಲ್ಲ ಸೇರಿ ಒಂದು ವಾಸನೆ ಅಲ್ಲಿ. ನನಗೆ ಅದು ಬಹಳ ಇಷ್ಟವಾಗಿತ್ತು. ನಾನು ಹೊಲಿದ ಬಟ್ಟೆಯನ್ನು ಸಾವಿರ ಜನ ಒಟ್ಟಿಗೆ ನೋಡುತ್ತಾರೆ ಎಂಬ ಜಂಬವೂ ಇತ್ತು. ಗಾರ್ಮೆಂಟ್ಸಿನಲ್ಲಿ ಹೊಲಿದದ್ದನ್ನು ಯಾರು ತೊಟ್ಟರೋ ಯಾರಿಗೆ ಗೊತ್ತು!

ಜಾದೂ ಆಟದ ಯಜಮಾನರು ಮುನಿರಾಜು ಮಾಸ್ಟರ್, ಆನೇಕಲ್ಲಿನವರು. ವೇದಿಕೆಯ ಮೇಲೆ ಉದ್ದ ಕೋಟು, ಕಾಡಿಗೆ ಹಚ್ಚಿದ ಮೀಸೆ, ಗುಡುಗಿನಂಥ ದನಿ. ಕೆಳಗಿಳಿದರೆ ಟಿಫಿನ್ ಡಬ್ಬಿ ಬಿಚ್ಚಿ ಮುದ್ದೆ ಮುರಿಯುತ್ತ, ಹೊಲದಲ್ಲಿ ರಾಗಿ ಹೇಗಿದೆ ಎಂದು ಹೆಂಡತಿಗೆ ಫೋನು ಮಾಡುವ ಸಂಭಾವಿತ. ಅವರ ಸಹಾಯಕಿ ನೀಲವ್ವ ಗದಗಿನ ಕಡೆಯವಳು, ಅಪ್ಪ ಅಮ್ಮನ ಜೊತೆ ಕಟ್ಟಡದ ಕೆಲಸಕ್ಕೆ ಬಂದು ಹೇಗೋ ಇಲ್ಲಿ ಸೇರಿಕೊಂಡ ಇಪ್ಪತ್ತರ ಹುಡುಗಿ. ಮೈಕಿನಲ್ಲಿ ಅವಳನ್ನು ಮಿಸ್ ನತಾಶಾ ಎಂದು ಕರೆಯುತ್ತಿದ್ದರು. ಮೊದಮೊದಲು ಆ ಹೆಸರು ಕೂಗಿದಾಗ ಇನ್ಯಾರೋ ಬರುತ್ತಾರೆಂದು ಅವಳೇ ಹಿಂದೆ ತಿರುಗಿ ನೋಡುತ್ತಿದ್ದಳಂತೆ.

ಅವರ ಕೊನೆಯ ಐಟಂ ಉರಿಯುವ ಪೆಟ್ಟಿಗೆ. ನೀಲವ್ವ ಕೆಂಪು ಸ್ಯಾಟಿನ್ ಉಟ್ಟು ಪೆಟ್ಟಿಗೆಯೊಳಗೆ ಹೋಗುತ್ತಾಳೆ, ಮಾಸ್ಟರ್ ಬಾಗಿಲು ಮುಚ್ಚಿ ಬೆಂಕಿ ಇಡುತ್ತಾರೆ, ಪೆಟ್ಟಿಗೆ ಧಗಧಗ ಉರಿಯುತ್ತದೆ, ಜನ ಉಸಿರು ಬಿಗಿಹಿಡಿದಿರುವಾಗ ಅವಳು ಹಸಿರು ಬಟ್ಟೆಯಲ್ಲಿ ಆ ಜನರ ಬೆನ್ನ ಹಿಂದಿನಿಂದ ಕೈಯೆತ್ತಿ ಕೂಗುತ್ತಾಳೆ. ಗುಟ್ಟು ಬಹಳ ಸರಳ. ಪೆಟ್ಟಿಗೆಯ ತಳದ ಹಲಗೆ ಸರಿಯುತ್ತದೆ. ಅವಳು ವೇದಿಕೆಯ ಕೆಳಗೆ ಇಳಿಯುತ್ತಾಳೆ. ಅಲ್ಲಿ ಕತ್ತಲಲ್ಲಿ ಕೂತಿರುವವಳು ನಾನು. ಅವಳ ಕಾಲು ಕೈಗೆ ಸಿಕ್ಕಿದ ಕೂಡಲೇ ಇಳಿಸಿಕೊಂಡು, ಮೇಲಿನ ಕೆಂಪು ಬಟ್ಟೆ ಕಿತ್ತೆಸೆದು, ಒಳಗಿನ ಹಸಿರು ಬಟ್ಟೆಯಲ್ಲಿ, ಜನ ಕೂರುವ ಮೆಟ್ಟಿಲುಗಳ ಹಿಂದಕ್ಕೆ ಹೋಗುವ ಸುರಂಗದ ಕಡೆ ತಳ್ಳಿ, ಆಮೇಲೆ ಹೊಲಿಗೆಯ ಮರದ ಸ್ಕೇಲಿನಿಂದ ಮೇಲಿನ ಹಲಗೆಗೆ ಮೂರು ಸಲ ಬಡಿಯಬೇಕು. ಹುಡುಗಿ ಹೊರಗೆ ಬಂದಳು ಎಂದು ಅದರ ಅರ್ಥ. ಆ ಮೂರು ಬಡಿತ ಕಿವಿಗೆ ಬೀಳದೆ ಮಾಸ್ಟರ್ ಬೆಂಕಿ ಕಡ್ಡಿ ಗೀರುತ್ತಿರಲಿಲ್ಲ. ಬಡಿತ ತಡವಾದರೆ ಜನರ ಜೊತೆ ಮಾತಾಡಿಕೊಂಡು ನಿಂತಿರುವರು. ಆ ಮೈಕು, ಆ ಕೂಗಾಟದ ನಡುವೆ ನಿಮಗೆ ಅದು ಹೇಗೆ ಕೇಳಿಸುತ್ತದೆ ಎಂದು ಒಮ್ಮೆ ಕೇಳಿದ್ದೆ. ಇನ್ನೊಬ್ಬರ ಜೀವ ಕಿವಿಯಲ್ಲಿದ್ದರೆ ಕೇಳಿಸುತ್ತದಮ್ಮ ಎಂದಿದ್ದರು.

ಎರಡು ವರ್ಷ, ದಿನವೂ ಅದೇ ಡೋಲು, ಅದೇ ಕತ್ತಲು. ಡೋಲು ಏರಿ ಏರಿ ಗಕ್ಕನೆ ನಿಲ್ಲುವುದು, ಆಗ ನೀಲವ್ವನ ಕಾಲು ಕೆಳಗೆ ಬರುವುದು, ನಾನು ಬಡಿಯುವುದು. ಇದರಲ್ಲಿ ನನ್ನ ತಲೆಗೆ ಕೆಲಸವೇ ಉಳಿದಿರಲಿಲ್ಲ. ಮನಸ್ಸು ರಾತ್ರಿಯ ಸಾರಿನ ಬಗ್ಗೆಯೋ ಮಗಳ ಜ್ವರದ ಬಗ್ಗೆಯೋ ಯೋಚಿಸುತ್ತಿದ್ದರೆ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಹೊಲಿಗೆಯವರಿಗೆ ಇದು ಅಭ್ಯಾಸ. ನೋಡದೆಯೇ ಕಾಲು ತುಳಿಯುತ್ತದೆ, ಕೈ ಬಟ್ಟೆ ತಿರುಗಿಸುತ್ತದೆ. ಅದನ್ನೇ ನಾವು ಹದ ಅಂತ ಹೊಗಳಿಕೊಳ್ಳುತ್ತೇವೆ.

ಆ ಭಾನುವಾರ ಡೋಲು ನಿಂತಿತು. ನಾನು ಬಡಿದೆ. ಮೂರು ಸಲ, ಸ್ಪಷ್ಟವಾಗಿ. ಆಮೇಲೆ ಕೈಚಾಚಿದರೆ ಕಾಲು ಇರಲಿಲ್ಲ.

ಹಿಂದಿನ ದಿನ ಆ ಕೆಂಪು ಲಂಗಕ್ಕೆ ಅಂದ ಬರಲಿ ಎಂದು ನಾನೇ ಒಂದು ಫ್ರಿಲ್ಲು ಸೇರಿಸಿದ್ದೆ. ಅದು ಅರ್ಧ ಸರಿದ ತಳದ ಹಲಗೆಯ ಸಂದಿಗೆ ಸಿಕ್ಕಿಕೊಂಡಿತ್ತು. ನನಗೆ ಆ ಕತ್ತಲಲ್ಲಿ ಏನೂ ಕಾಣಲಿಲ್ಲ. ಮೇಲಿನ ಬಿರುಕುಗಳಲ್ಲಿ ಬೆಳಕು ಬಂತು, ಕಿತ್ತಳೆ ಬಣ್ಣದ ಬೆಳಕು, ಅದರ ಹಿಂದೆಯೇ ವಾಸನೆ. ಬಾಯಿ ತೆರೆದೆ, ಕೂಗು ಬರಲಿಲ್ಲ. ಮನುಷ್ಯರಿಗೆ ನಿಜವಾಗಿ ಹೆದರಿಕೆಯಾದಾಗ ಕೂಗು ಬರುವುದಿಲ್ಲ ಎಂದು ನನಗೆ ಗೊತ್ತಾದದ್ದು ಅವತ್ತೇ. ಪೆಟ್ಟಿಗೆಯೊಳಗೆ ಕೈಹಾಕಿದೆ. ಒಂದು ಪಾದ ಸಿಕ್ಕಿತು. ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದೆ. ಬಟ್ಟೆ ಪರ್ರನೆ ಹರಿದು ನೀಲವ್ವ ನನ್ನ ಮೇಲೆ ಬಿದ್ದಳು. ಅವಳ ಮೊಣಕೈಯಿಂದ ಕೆಳಗೆ ಸ್ಯಾಟಿನ್ ಕರಗಿ ಚರ್ಮಕ್ಕೆ ಹತ್ತಿಕೊಂಡಿತ್ತು, ಒಂದು ಕಡೆಯ ಕೂದಲು ಸೀದಿತ್ತು. ನಾನು ಅವಳನ್ನು ಹಿಡಿದುಕೊಳ್ಳಲು ಹೋದೆ. ಅವಳು ನನ್ನನ್ನು ತಳ್ಳಿ ಎದ್ದು ಸುರಂಗದಲ್ಲಿ ಓಡಿದಳು. ಸ್ವಲ್ಪ ಹೊತ್ತಿಗೆ ಮೇಲೆ ಚಪ್ಪಾಳೆ ಕೇಳಿಸಿತು. ಸುಟ್ಟ ಕೈಯನ್ನೇ ಮೇಲೆತ್ತಿ ಜನರ ಬೆನ್ನ ಹಿಂದೆ ನಿಂತಿದ್ದಳಂತೆ! ಅವತ್ತಿನಷ್ಟು ಚಪ್ಪಾಳೆ ಮತ್ತೆಂದೂ ಬಿದ್ದಿಲ್ಲ ಎಂದು ಆಮೇಲೆ ಡೋಲಿನವರು ಹೇಳಿದರು.

ಅವಳನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಮ್ಯಾನೇಜರು ನಮ್ಮಿಬ್ಬರನ್ನು ಕೋಣೆಗೆ ಕರೆದರು. ಮಾಸ್ಟರ ಮುಖದಲ್ಲಿ ಬಣ್ಣ ಇನ್ನೂ ಇತ್ತು, ಬೆವರಿಗೆ ಮೀಸೆಯ ಕಪ್ಪು ಗಲ್ಲಕ್ಕೆ ಇಳಿದಿತ್ತು. ತಮಗೆ ಮೂರು ಬಡಿತ ಕೇಳಿಸಿತು, ಕೇಳಿಸದೆ ತಾವು ಕಡ್ಡಿ ಗೀರಿಲ್ಲ ಎಂದರು. ಮ್ಯಾನೇಜರು ನನ್ನ ಕಡೆ ತಿರುಗಿದರು.

"ನಾನು ಬಡೀಲೇ ಇಲ್ಲ ಸಾರ್" ಎಂದೆ.

ಯಾಕೆ ಹಾಗೆಂದೆ ಎಂದು ನನ್ನನ್ನು ನಾನು ಸಾವಿರ ಸಲ ಕೇಳಿಕೊಂಡಿದ್ದೇನೆ. ಕೆಲಸ ಹೋಗುತ್ತದೆಂದೋ, ಪೊಲೀಸು ಬರುತ್ತಾರೆಂದೋ, ಮಗಳು ಚಿಕ್ಕವಳೆಂದೋ ನೆಪಗಳು ಬೇಕಾದಷ್ಟಿವೆ. ನಿಜ ಹೇಳಬೇಕೆಂದರೆ ಹೆದರಿಕೆ, ಅಷ್ಟೇ. ಮಾಸ್ಟರ್ ನನ್ನನ್ನು ದಿಟ್ಟಿಸಿ ನೋಡಿದರು. ಕೋಪದಿಂದಲ್ಲ, ಏನನ್ನೋ ಕೇಳಿಸಿಕೊಳ್ಳಲು ಪ್ರಯತ್ನಿಸುವವರ ಹಾಗೆ. ಇಷ್ಟು ವರ್ಷ ಸ್ಪೀಕರಿನ ಪಕ್ಕ ನಿಂತವರ ಕಿವಿ ಏನಾಗಿರುತ್ತದೆ ಹೇಳಿ ಎಂದು ಮ್ಯಾನೇಜರು ತಾವೇ ತೀರ್ಮಾನ ಕೊಟ್ಟರು. ಮಾಸ್ಟರ್ ತಮ್ಮ ಬಲಗಿವಿಯನ್ನು ಒಮ್ಮೆ ಮುಟ್ಟಿಕೊಂಡರು. ಆ ಕೈ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ. ಒಂದು ತಿಂಗಳಲ್ಲಿ ಅವರು ಕೆಲಸ ಬಿಟ್ಟರು. ನನ್ನ ಕಿವಿಯನ್ನು ನಾನೇ ನಂಬದ ಮೇಲೆ ಇನ್ನೊಬ್ಬರ ಮಗಳನ್ನು ಪೆಟ್ಟಿಗೆಯೊಳಗೆ ಕೂರಿಸಲಾರೆ ಎಂದರಂತೆ.

ನೀಲವ್ವ ಗುಣವಾಗಿ ಬಂದಳು. ಬೇರೆ ಜಾದೂಗಾರ ಬಂದ, ಅದೇ ಪೆಟ್ಟಿಗೆ. ಕೆಳಗೆ ಇನ್ಯಾರೂ ಬೇಡ, ನಾನೇ ಇರಬೇಕು ಎಂದು ಅವಳು ಹಟ ಹಿಡಿದಳು. ಇನ್ನೂ ಒಂದು ವರ್ಷ ಕೂತೆ. ಅವಳ ಎರಡೂ ಪಾದ ನನ್ನ ಮಡಿಲಿಗೆ ಬಂದು, ಮುಖ ಮುಟ್ಟಿ ನೋಡಿ, ಆಮೇಲೆಯೇ ಬಡಿಯುತ್ತಿದ್ದೆ. ಕೊನೆಗೆ ಅವಳು ಮದುವೆಯಾಗಿ ಊರಿಗೆ ಹೋದಳು, ನಾನು ಈ ಅಂಗಡಿ ಹಾಕಿದೆ.

ಲಂಗ ಸುಟ್ಟ ದಿನ ಸಂಜೆ ಅವಳಿಗೆ ಫೋನು ಮಾಡಿದೆ. ಗದಗಿನಲ್ಲಿ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ, ಹಬ್ಬಕ್ಕೊಮ್ಮೆ ಮಾತಾಡುತ್ತೇವೆ. ಅಂದು ನಾನು ನಿನ್ನ ಕಾಲು ಸಿಗುವ ಮೊದಲೇ ಬಡಿದಿದ್ದೆ, ಬಡಿದಿಲ್ಲ ಎಂದು ಸುಳ್ಳು ಹೇಳಿದೆ ಎಂದೆ. ಆ ಕಡೆ ರೊಟ್ಟಿ ತಟ್ಟುವ ಸದ್ದು ನಿಂತಿತು.

"ಗೊತ್ತೈತ್ರಿ ಅಕ್ಕಾರ" ಎಂದಳು. "ನಾ ಒಳಗ ಇದ್ದೆನಲ್ರಿ. ಬಡದಿದ್ದು ನನಗೂ ಕೇಳಿಸ್ತು."

ಎಲ್ಲರಿಗಿಂತ ಹೆಚ್ಚು ಹೆದರಿದವಳು ನಾನು ಎಂದು ಇಷ್ಟು ವರ್ಷ ತಿಳಿದಿದ್ದೆನಲ್ಲ! ತಾನು ಹೊರಗೆ ಬಂದೆ ಎಂದು ಸಾರುವ ಬಡಿತವನ್ನು ಅವಳು ಮುಚ್ಚಿದ ಪೆಟ್ಟಿಗೆಯೊಳಗೆ ಕೂತು ಕೇಳಿಸಿಕೊಂಡಿದ್ದಳು. ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ. ನನ್ನನ್ನು ಕಳಿಸಿಬಿಟ್ಟರೆ ಕೆಳಗೆ ಹೊಸಬರು ಬರುತ್ತಿದ್ದರು, ಒಮ್ಮೆ ಅಂಜಿದ ನನ್ನ ಕೈಯೇ ಅವಳಿಗೆ ಹೆಚ್ಚು ನಂಬಿಕೆಯದಾಗಿತ್ತಂತೆ. ಮಾಸ್ಟರ ವಿಷಯದಲ್ಲಿ ಮಾತ್ರ ತಪ್ಪು ಮಾಡಿದೆವು ಎಂದಳು. "ನನ್ನ ಮುಂದ ಹೇಳಿದ್ರ ಏನ ಬಂತ್ರಿ. ಮಾಸ್ತರ ಮುಂದ ಹೇಳ್ರಿ."

ಭಾನುವಾರ ಆನೇಕಲ್ಲಿಗೆ ಹೊರಟೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿ ಹೋಗುವ ಅಷ್ಟು ದೂರದ ದಾರಿಯಲ್ಲಿ, ಮಾಸ್ಟರ್ ತೀರಿಹೋಗಿದ್ದರೆ ಏನು ಗತಿ ಎಂದು ಅರ್ಧ ದಾರಿ ಹೆದರಿದೆ, ಬದುಕಿದ್ದರೆ ಏನು ಗತಿ ಎಂದು ಇನ್ನರ್ಧ ದಾರಿ. ಎಲೆಕ್ಟ್ರಾನಿಕ್ ಸಿಟಿಯ ಹತ್ತಿರ ಇಳಿದು ವಾಪಸಾಗಲು ಎದ್ದೂ ನಿಂತಿದ್ದೆ. ಕಂಡಕ್ಟರು ಇದು ಆನೇಕಲ್ ಅಲ್ಲ ಕೂತ್ಕಳಮ್ಮ ಎಂದು ಗದರಿದ. ಕೂತೆ.

ಊರಲ್ಲಿ ಕೇಳುತ್ತ ಹೋಗಿ ಮನೆ ಹುಡುಕಿದೆ. ಬಾಗಿಲು ತೆರೆದವರು ಅವರ ಹೆಂಡತಿ ಜಯಮ್ಮ. ಪಾರ್ಕಿನವಳು ಎಂದ ಕೂಡಲೇ ಒಳಗೆ ತಿರುಗಿ, ಮೂರನೆಯ ಮನೆಗೂ ಕೇಳಿಸುವ ಹಾಗೆ ಕೂಗಿ ಹೇಳಿದರು. ಆಮೇಲೆ ನನಗೆ ವಿವರಿಸಿದರು: ಪಾರ್ಕು ಬಿಟ್ಟಾಗಿನಿಂದ ಇವರ ಕಿವಿ ಮಂದ, ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳೆಲ್ಲ ಕೂಗಿಯೇ ಮಾತಾಡುವುದು, ನೀವೂ ಸ್ವಲ್ಪ ಜೋರಾಗಿ ಹೇಳಿ. ಮಾಸ್ಟರ್ ಕುರ್ಚಿಯಲ್ಲಿ ಕೂತಿದ್ದರು. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ನಕ್ಕರು, ತಲೆಯಾಡಿಸಿದರು. ಕಿವುಡರೆಂದು ಮನೆಮಂದಿಯೆಲ್ಲ ಒಪ್ಪಿಕೊಂಡ ಮನುಷ್ಯ ಹೇಗಿರಬೇಕೋ ಹಾಗೆ ಕೂತಿದ್ದರು.

ಜೋರಾಗಿ ಹೇಳಬೇಕು, ಬೀದಿಗೆಲ್ಲ ಕೇಳಿಸಿದರೂ ಸರಿ ಎಂದು ಗಟ್ಟಿ ಮನಸ್ಸು ಮಾಡಿದೆ. ಆದರೆ ಅಂದಿನ ಹಾಗೆಯೇ ದನಿ ಏಳಲಿಲ್ಲ. ನನಗೇ ಸರಿಯಾಗಿ ಕೇಳಿಸದ ದನಿಯಲ್ಲಿ, ನೆಲ ನೋಡುತ್ತ, ಎಲ್ಲವನ್ನೂ ಹೇಳಿದೆ. ಡೋಲು, ಕೈಯ ಅಭ್ಯಾಸ, ಮ್ಯಾನೇಜರ ಕೋಣೆಯ ಸುಳ್ಳು. ಮುಗಿಸಿ, ಒಂದಕ್ಷರವೂ ಅವರಿಗೆ ತಲುಪಿರಲಾರದು, ಇನ್ನೊಮ್ಮೆ ಹೇಳಬೇಕಲ್ಲಪ್ಪ ಎಂದು ತಲೆಯೆತ್ತಿದೆ.

"ಎಷ್ಟು ಸಲ ಬಡಿದೆ?" ಎಂದರು ಮಾಸ್ಟರ್.

"ಮೂರು."

"ಮೂರೇ" ಎಂದರು. "ನಂಗೆ ಕೇಳಿಸಿದ್ದೂ ಮೂರೇ ಕಣಮ್ಮ."

ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ ಜಯಮ್ಮ ನನ್ನನ್ನು ಒಮ್ಮೆ ನೋಡಿದರು, ಗಂಡನನ್ನು ಬಹಳ ಹೊತ್ತು ನೋಡಿದರು, ಒಳಗೆ ಹೋದರು. ಹೊರಗೆ ಬಂದು ನನ್ನನ್ನು ಎಳೆದು ಆಚೆಗೆ ಹಾಕುತ್ತಾರೆ ಎಂದುಕೊಂಡು ಚೀಲವನ್ನು ಗಟ್ಟಿಯಾಗಿ ಹಿಡಿದು ಕೂತಿದ್ದೆ. ಪಾತ್ರೆಯ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ, ಪಕ್ಕದಲ್ಲಿ ಕೂತವರೊಡನೆ ಮಾತಾಡುವಷ್ಟು ಮೆಲ್ಲಗೆ ಅವರ ದನಿ ಬಂತು.

"ಸಕ್ರೆ ಆಕ್ಲಾ?"

"ಅರ್ಧ ಚಮಚ ಸಾಕು" ಎಂದರು ಮಾಸ್ಟರ್.

ಆಮೇಲೆ ಪಾತ್ರೆಯ ಸದ್ದು ನಿಂತಿತು. ಸೆರಗು ಬಾಯಿಗೆ ಒತ್ತಿಕೊಂಡು ಅಳುವ ಸದ್ದು, ತೀರಾ ಸಣ್ಣದು. ಅಡುಗೆಮನೆಯ ಬಾಗಿಲ ಹತ್ತಿರವೇ ಕೂತಿದ್ದ ನನಗೇ ಅದು ಇದೆಯೋ ಇಲ್ಲವೋ ಎಂಬ ಅನುಮಾನ. ಮಾಸ್ಟರ್ ಕುರ್ಚಿಯ ಕೈ ಹಿಡಿದು ಎದ್ದು ಒಳಗೆ ಹೋದರು.