ಹೋರಿ ಗಾಡಿಯ ಹಿಂದಿನ ಗಾಜಿಗೆ ಮೋಟಾರು

ಶಿಕಾರಿಪುರದಲ್ಲಿ ಆಟೋ ಎಲೆಕ್ಟ್ರಿಷಿಯನ್ ಆಗಿ ನಾನು ಶೆಡ್ಡು ಹಾಕಿ ಮೂವತ್ತೊಂದು ವರ್ಷವಾಯಿತು. ಸೆಲ್ಫ್ ಮೋಟಾರು, ಹಾರ್ನು, ಹೆಡ್‌ಲೈಟು, ಸುಟ್ಟುಹೋದ ವೈರಿಂಗು ನನ್ನ ದಿನನಿತ್ಯದ ಕೆಲಸ. ಇವನ್ನೆಲ್ಲ ಕಣ್ಣು ಮುಚ್ಚಿಕೊಂಡು ಮಾಡಬಲ್ಲೆ ಎಂದರೆ ಜಂಬ ಎನ್ನಬೇಡಿ, ನಿಜವಾಗಿಯೂ ಮಾಡಬಲ್ಲೆ. ಆದರೆ ಯಾರೂ ಮಾಡದ ಕೆಲಸವೊಂದನ್ನು ಯಾರಾದರೂ ತಂದು ಮುಂದಿಟ್ಟರೆ ನನಗೆ ಊಟ ನಿದ್ದೆ ಬೇಡವಾಗುತ್ತದೆ. ಮೂರು ವರ್ಷದ ಹಿಂದೆ, ದೀಪಾವಳಿಗೆ ಇನ್ನೂ ಇಪ್ಪತ್ತು ದಿನ ಇರುವಾಗ, ಸೊರಬ ತಾಲೂಕು ಹೊಸಬಾಳೆಯ ಹಾಲೇಶಪ್ಪ ತಂದದ್ದು ಅಂಥದೇ ಒಂದು ಕೆಲಸ.

ಹಾಲೇಶಪ್ಪನದು ಹಳೆಯ ಪಿಕಪ್ ಗಾಡಿ. ಡ್ರೈವರ್ ಕ್ಯಾಬಿನ್ನಿನ ಹಿಂದೆ, ಪಕ್ಕಕ್ಕೆ ಸರಿಸಿ ತೆಗೆಯುವ ಒಂದು ಗಾಜು ಇತ್ತು. "ಮಂಜಣ್ಣ, ಇದಕ್ಕೊಂದು ಮೋಟಾರು ಕೂರಿಸಿ ಬಟನ್ ಕೊಡಾಕೆ ಆಗತ್ತಾ?" ಎಂದು ಕೇಳಿದ. ಕಾರಿನ ಬಾಗಿಲ ಗಾಜಿಗೆ ಬಟನ್ ಇರುವುದು ಗೊತ್ತು, ಪಿಕಪ್ಪಿನ ಬೆನ್ನಿನ ಗಾಜಿಗೆ ಯಾಕಪ್ಪ ಎಂದೆ.

ಕಾರಣ ಒಂದು ಹೋರಿ. ನಮ್ಮ ಕಡೆ ದೀಪಾವಳಿ ಕಳೆದ ಮೇಲೆ ಊರೂರಿನಲ್ಲಿ ಹೋರಿ ಹಬ್ಬ ನಡೆಯುತ್ತದೆ. ಸಿಂಗರಿಸಿದ ಹೋರಿಯನ್ನು ಜನರ ನಡುವೆ ಓಡಿಸುತ್ತಾರೆ, ಕೈಗೆ ಸಿಗದೆ ಓಡಿದ ಹೋರಿಗೆ ಹೆಸರು ಬರುತ್ತದೆ. ಹಾಲೇಶಪ್ಪನ ಹೋರಿಗೆ ಬ್ಯಾನರಿನಲ್ಲಿ 'ಹೊಸಬಾಳೆ ಸಿಡಿಲು' ಎಂಬ ಹೆಸರು. ಮನೆಯಲ್ಲಿ ಪುಟ್ಟ. ಹುಟ್ಟಿದ ವಾರಕ್ಕೇ ತಾಯಿ ಸತ್ತ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವರು ಹಾಲೇಶಪ್ಪನ ಹೆಂಡತಿ ಗೌರಮ್ಮ. ಕಣದಲ್ಲಿ ಸಾವಿರ ಜನಕ್ಕೂ ಹೆದರದ ಈ ಸಿಡಿಲು, ಗಾಡಿ ಹತ್ತಿದರೆ ಗಡಗಡ ನಡುಗುತ್ತಿತ್ತು. ಗೌರಮ್ಮನ ದನಿ ಕಿವಿಗೆ ಬಿದ್ದರೆ ಮಾತ್ರ ಸುಮ್ಮನಾಗುತ್ತಿತ್ತು.

ಗಾಜು ಮುಚ್ಚಿದರೆ ದನಿ ಕೇಳುವುದಿಲ್ಲ. ಪೂರ್ತಿ ತೆರೆದಿಟ್ಟರೆ ಹೋರಿ ಗಾಜಿನಾಚೆಯ ಕಂಬಿಗಳ ನಡುವಿನಿಂದ ಮೂತಿ ತೂರಿಸಿ ಹಾಲೇಶಪ್ಪನ ಹೆಗಲ ಮೇಲಿನ ಟವೆಲ್ಲು ಜಗಿಯುತ್ತದೆ, ಕಿವಿ ನೆಕ್ಕುತ್ತದೆ. ಹೀಗಾಗಿ ದಾರಿಯುದ್ದಕ್ಕೂ ತೆಗೆಯುವುದು, ಮುಚ್ಚುವುದು. ಗೌರಮ್ಮನಿಗೆ ಭುಜ ಹಿಡಿದುಕೊಂಡು, ಬಿಗಿಯಾಗಿದ್ದ ಆ ಗಾಜನ್ನು ಎಳೆಯುವಷ್ಟು ಬಲ ಕೈಗೆ ಇರಲಿಲ್ಲ. ಆ ಕೆಲಸವನ್ನೂ ಹಾಲೇಶಪ್ಪನೇ ಮಾಡುತ್ತಿದ್ದ. ಹಿಂದಿನ ವಾರ ಸ್ಟೇರಿಂಗು ಬಿಟ್ಟು ಹಿಂದೆ ತಿರುಗಿದಾಗ ಗಾಡಿ ರಸ್ತೆ ಬಿಟ್ಟು ಚರಂಡಿಯ ಅಂಚಿಗೆ ಹೋಗಿ ನಿಂತಿತ್ತು. ಎದುರಿಗೆ ಬಂದ ಬೈಕಿನಲ್ಲಿ ಗಂಡ ಹೆಂಡತಿ ಮಗು ಇದ್ದರಂತೆ. ಅವರು ಉಳಿದದ್ದು ಪುಣ್ಯ.

"ಇನ್ನೊಂದ್ ಸಲ ಹಂಗಾಗಾಕೆ ನಾ ಬಿಡದಿಲ್ಲ. ಹಾವೇರಿ ಕಡೆಯೋರು ಹೋರಿ ಕೇಳ್ತಾ ಇದಾರೆ. ನಿಮ್ ಕೈಲಿ ಆಗದಿದ್ರೆ ಕೊಟ್ಟುಬಿಡ್ತೀನಿ" ಎಂದ ಹಾಲೇಶಪ್ಪ. ಗಾಡಿಯಲ್ಲೇ ಕುಳಿತಿದ್ದ ಗೌರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನನ್ನ ಮುಖವನ್ನೇ ನೋಡುತ್ತಿದ್ದರು.

"ಆಗ್ದೇ ಏನ್ರಿ? ಮೂರು ದಿನ ಗಾಡಿ ಬಿಟ್ಟು ಹೋಗ್ರಿ" ಎಂದೆ.

ಗುಜರಿಯಿಂದ ಹಳೆಯ ಕಾರೊಂದರ ಬಾಗಿಲಿನ ಪವರ್ ವಿಂಡೋ ಮೋಟಾರು ತಂದೆ. ಅದರಲ್ಲಿ ಉಕ್ಕಿನ ಕೇಬಲ್ಲೊಂದು ಗಾಜನ್ನು ಮೇಲೆ ಕೆಳಗೆ ಎಳೆಯುತ್ತದೆ. ನಾನು ಆ ಕೇಬಲ್ಲನ್ನು ಅಡ್ಡಡ್ಡ ಹಾಯಿಸಿ, ಸೀಟಿನ ಹಿಂದೆ ಅಲ್ಯುಮಿನಿಯಂ ಪಟ್ಟಿಯ ಮೇಲೆ ಕೂರಿಸಿದೆ. ಗಾಜು ಓಡುವ ಹಳಿಯಲ್ಲಿ ವರ್ಷಗಳಿಂದ ಕೂತ ಮಣ್ಣನ್ನು ಕೆರೆದು ತೆಗೆದದ್ದೇ ಅರ್ಧ ದಿನದ ಕೆಲಸ. ಗಾಜು ಒಟ್ಟು ಹನ್ನೊಂದು ಇಂಚು ಸರಿಯಬೇಕು. ಎರಡೂ ತುದಿಗೆ ಲಿಮಿಟ್ ಸ್ವಿಚ್ ಇಟ್ಟೆ. ಗಾಜು ಕೊನೆ ಮುಟ್ಟಿದಾಗ ಕರೆಂಟನ್ನು ತಾನಾಗಿ ಕಡಿಯುವ ಪುಟ್ಟ ಸ್ವಿಚ್ಚು ಅದು. ಮೋಟಾರನ್ನು ಎರಡೂ ದಿಕ್ಕಿಗೆ ತಿರುಗಿಸಲು ಎರಡು ರಿಲೇ, ಕಾಯಲು ಇಪ್ಪತ್ತು ಆಂಪಿಯರಿನ ಫ್ಯೂಸು. ಬಟನ್ನು ಗೌರಮ್ಮ ಕೂರುವ ಎಡಗಡೆ, ಡ್ಯಾಶ್‌ಬೋರ್ಡಿನ ಮೇಲೆ. ಅದನ್ನು ಒತ್ತಿ ಹಿಡಿಯಬೇಕಾಗಿಯೂ ಇಲ್ಲ, ಒಮ್ಮೆ ಮುಟ್ಟಿದರೆ ಸಾಕು, ಗಾಜು ಪೂರ್ತಿ ಮುಚ್ಚಿಕೊಳ್ಳುತ್ತದೆ. ಮೂರನೆಯ ದಿನ ಮಧ್ಯಾಹ್ನ ಗಾಜು ಸರ್ರನೆ ಓಡಿದಾಗ ಪಕ್ಕದ ಟೈರ್ ಅಂಗಡಿಯವರೆಲ್ಲ ಬಂದು ನೋಡಿದರು. ನನಗೆ ನೆಲವೇ ಕಾಣುತ್ತಿರಲಿಲ್ಲ.

ಸಂಜೆ ಗಂಡ ಹೆಂಡತಿ ಬಂದರು. ನಮ್ಮಲ್ಲಿ ದೊಡ್ಡ ಕೆಲಸ ಮುಗಿದರೆ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಮೊದಲ ಸ್ವಿಚ್ಚನ್ನು ಗಾಡಿಯವರ ಕೈಯಿಂದಲೇ ಒತ್ತಿಸುವುದು ವಾಡಿಕೆ. ಹಾಲೇಶಪ್ಪ ಒತ್ತಿದ, ಗಾಜು ಮುಚ್ಚಿತು. ಅವನ ಮುಖ ಅರಳಿತು. ಗೌರಮ್ಮ ಮಾತ್ರ ಸೀಟಿನ ಕೆಳಗಿಂದ ಒಂದು ಹಗ್ಗ ತೆಗೆದು, ಗಾಜು ತೆರೆಸಿ, ಅದರ ಒಂದು ತುದಿಯನ್ನು ಹೋರಿ ನಿಲ್ಲುವ ಹಿಂದಿನ ಡಬ್ಬಿಗೆ ಇಳಿಬಿಟ್ಟು, ಇನ್ನೊಂದನ್ನು ಕೈಯಲ್ಲಿ ಹಿಡಿದು ಕುಳಿತರು. "ಈಗ ಒತ್ರಿ" ಎಂದರು.

ಗಾಜು ಬಂದು ಹಗ್ಗವನ್ನು ಕಚ್ಚಿ ಹಿಡಿಯಿತು. ಲಿಮಿಟ್ ಸ್ವಿಚ್ ಮುಟ್ಟದಿದ್ದರಿಂದ ಮೋಟಾರು ಗುರ್ರೆನ್ನುತ್ತ ಒತ್ತುತ್ತಲೇ ಇತ್ತು. ಫ್ಯೂಸೂ ಹೋಗಲಿಲ್ಲ. ಗೌರಮ್ಮ ಎಳೆದರು, ಹಗ್ಗ ಅಲುಗಲಿಲ್ಲ.

"ಮೂಗುದಾರದ ಹಗ್ಗ ಇದು ಮಂಜಣ್ಣ. ಕುತ್ತಿಗೆ ಹಗ್ಗನ ಕಂಬಿಗೆ ಕಟ್ತೀವಿ. ಮೂಗಿನ ಹಗ್ಗನ ಕಬ್ಬಿಣಕ್ಕೆ ಕಟ್ಟೋ ಹಂಗೇ ಇಲ್ಲ, ಮನುಷ್ಯರೇ ಹಿಡೀಬೇಕು. ಬ್ರೇಕ್ ಹಾಕ್ದಾಗ ಸಡಿಲ ಬಿಡ್ಬೇಕಲ್ಲ? ಇಲ್ದಿದ್ರೆ ಮೂಗು ಹರಿದು ಹೋಗತ್ತೆ."

ಹೋರಿಗೆಂದೇ ಮಾಡಿದ ಕೆಲಸದಲ್ಲಿ, ಹೋರಿಯನ್ನು ಹೇಗೆ ಹಿಡಿದು ಒಯ್ಯುತ್ತಾರೆ ಎಂದು ನಾನು ಒಂದು ಮಾತೂ ಕೇಳಿರಲಿಲ್ಲ. ಅದನ್ನು ಒಪ್ಪಿಕೊಳ್ಳುವ ಬದಲು, "ಹಗ್ಗ ಒಳಗೆ ಎಳ್ಕೊಂಡು ಆಮೇಲೆ ಮುಚ್ರಿ. ಅಷ್ಟು ಜೋಪಾನ ನೀವೇ ಮಾಡ್ಬೇಕಾಗುತ್ತೆ" ಎಂದುಬಿಟ್ಟೆ.

"ಹಗ್ಗ ಹೋಗ್ಲಿ, ನನ್ ಕೈ ಅಲ್ಲೇ ಇರತ್ತಲ್ಲ?"

"ಕೈಗೇನೂ ಆಗಲ್ರಿ."

"ಹಂಗಾರೆ ನಿಮ್ ಕೈ ಇಡ್ರಿ ನೋಡಾಣ."

ನಾನು ಕೈ ಇಡಲಿಲ್ಲ. ಇಡಲು ಹೋಗಿ ಹಿಂದಕ್ಕೆ ತೆಗೆದುಕೊಂಡೆ. ಟೈರ್ ಅಂಗಡಿಯವರೆಲ್ಲ ನೋಡುತ್ತಿದ್ದರು. ಅಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯ ಮುಂದೆ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ಹಾಲೇಶಪ್ಪ ನಿಟ್ಟುಸಿರು ಬಿಟ್ಟು, "ಹೋಗ್ಲಿ ಬಿಡ್ರಿ, ಹೋರಿ ಕೊಟ್ಟುಬಿಡಾಣ" ಎಂದ. ಗೌರಮ್ಮ ಹಗ್ಗ ಸುತ್ತತೊಡಗಿದರು. ನನಗೆ ತಡೆಯಲಾಗಲಿಲ್ಲ. "ನಾಡಿದ್ದು ಬರ್ರಿ. ಮೊದಲು ನನ್ ಕೈ, ಆಮೇಲೆ ನಿಮ್ದು" ಎಂದೆ.

ಹೊರಡುವ ಮುನ್ನ ಗೌರಮ್ಮ ಒಂದು ಮಾತು ಕೇಳಿದರು: "ಪೂರ್ತಿ ಯಾಕೆ ಮುಚ್ಬೇಕು ಇದು? ಎರಡು ಬೆರಳು ಬಿಟ್ರೆ ಆಗದಿಲ್ವಾ? ಮೂತಿ ತೂರದಿದ್ರೆ ಸಾಕಲ್ಲ." ಆಗುತ್ತಿತ್ತು. ಲಿಮಿಟ್ ಸ್ವಿಚ್ಚನ್ನು ಎರಡು ಬೆರಳಿನಷ್ಟು ಈಚೆಗೆ ಸರಿಸುವುದು ಹತ್ತು ನಿಮಿಷದ ಕೆಲಸ. ನನ್ನ ತಲೆಗೆ ಯಾಕೆ ಹೊಳೆಯಲಿಲ್ಲವೆಂದರೆ, ಗಾಜು ಎಂದರೆ ಪೂರ್ತಿ ಮುಚ್ಚಬೇಕು ಎಂದು ನನಗೆ ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಸ್ವಿಚ್ಚು ಸರಿಸಿದೆ, ಉಳಿದದ್ದು ಕೈಯ ಪ್ರಶ್ನೆ. ಮೀಟರು ಹಿಡಿದು ನೋಡಿದೆ. ಗಾಜು ಸಲೀಸಾಗಿ ಓಡುವಾಗ ಮೋಟಾರು ನಾಲ್ಕು ಆಂಪಿಯರ್ ಎಳೆಯುತ್ತಿತ್ತು, ಅಡ್ಡ ಏನಾದರೂ ಸಿಕ್ಕರೆ ಹದಿನೈದಕ್ಕೆ ಏರುತ್ತಿತ್ತು. ಇಪ್ಪತ್ತರ ಫ್ಯೂಸು ಯಾಕೆ ಸುಮ್ಮನಿತ್ತು ಎಂದು ಆಗ ತಿಳಿಯಿತು. ಕರೆಂಟು ಆರು ಆಂಪಿಯರ್ ದಾಟಿದ ಕೂಡಲೇ ಮೋಟಾರನ್ನು ಹಿಂದಕ್ಕೆ ತಿರುಗಿಸುವ ಒಂದು ಸರ್ಕ್ಯೂಟು ಶಿವಮೊಗ್ಗದಲ್ಲಿ ಸಿಕ್ಕಿತು. ಗಾಜಿನ ಅಂಚಿಗೆ ಮೆತ್ತನೆಯ ರಬ್ಬರು ಹಾಕಿದೆ. ಒಂದೇ ಒತ್ತಿಗೆ ಮುಚ್ಚುವ ನನ್ನ ಜಾಣತನವನ್ನು ಕಿತ್ತೆಸೆದು, ಬೆರಳು ತೆಗೆದರೆ ಗಾಜು ನಿಲ್ಲುವಂತೆ ಮಾಡಿದೆ. ಆಮೇಲೆ ಕೈಯ ಬದಲು ಬದನೆಕಾಯಿ ಇಟ್ಟು ಪರೀಕ್ಷೆ. ಮೊದಲನೆಯದು ಜಜ್ಜಿಹೋಯಿತು. ಸರ್ಕ್ಯೂಟಿನ ತಿರುಪನ್ನು ಚೂರು ತಿರುಗಿಸಿದೆ. ಎರಡನೆಯದರ ಮೇಲೆ ಗೆರೆ ಬಿತ್ತು. ನಾಲ್ಕನೆಯದು ಅಂಗಡಿಯಿಂದ ತಂದ ಹಾಗೇ ಹೊರಗೆ ಬಂತು. ಮನೆಯಲ್ಲಿ ಅವತ್ತು ಅದೇ ಎಣ್ಣೆಗಾಯಿ.

ಹೇಳಿದ ದಿನ ಗೌರಮ್ಮನ ಎದುರು ನನ್ನ ಮುಂಗೈ ಇಟ್ಟೆ. ಗಾಜು ಬಂದು ಮುಟ್ಟಿತು, ಹಿಂದಕ್ಕೆ ಹೋಯಿತು. ಹತ್ತು ಸಲ ಇಟ್ಟೆ. ಗೌರಮ್ಮ ಹನ್ನೊಂದನೆಯ ಸಲ ತಮ್ಮ ಕೈ ಇಟ್ಟು, "ಈಗ ಸೈ" ಎಂದರು.

ಆದರೆ ಹೋರಿ ಒಪ್ಪಬೇಕಲ್ಲ. ಅವರ ಜೊತೆ ನಾನೂ ಹೊಸಬಾಳೆಗೆ ಹೋದೆ. ಪುಟ್ಟನನ್ನು ಗಾಡಿ ಹತ್ತಿಸಿ ಮೂವರೂ ಒತ್ತೊತ್ತಾಗಿ ಕೂತೆವು. ಸೊರಬದ ದಾರಿಯಲ್ಲಿ ಒಂದು ತಿರುವಿಗೆ ಟ್ರ್ಯಾಕ್ಟರು ಅಡ್ಡ ಬಂತು. ಹಾಲೇಶಪ್ಪ ಬ್ರೇಕ್ ಒತ್ತಿದ. ಹಿಂದೆ ದಡಬಡ ಕಾಲು ಬಡಿದ ಸದ್ದು, ಗಾಡಿ ಪೂರ್ತಿ ಓಲಾಡಿತು. ಗೌರಮ್ಮನ ಬೆರಳ ಸಂದಿನಲ್ಲಿ ಹಗ್ಗ ಸರಕ್ಕನೆ ಸಡಿಲವಾಗಿ ಓಡಿದ್ದನ್ನು ನೋಡಿದೆ. ಅವರು ಬಟನ್ ಒತ್ತಿದರು. ಗಾಜು ತೆರೆಯಿತು.

"ಪುಟ್ಟಾ, ನಾ ಇಲ್ಲೇ ಇದೀನಲ್ಲೋ. ಹೆದ್ರಬ್ಯಾಡ."

ಕಾಲಿನ ಸದ್ದು ನಿಂತಿತು. ಒದ್ದೆ ಮೂತಿಯೊಂದು ಒಳಗೆ ಬಂದು ನನ್ನ ಕತ್ತಿನ ಮೇಲೆ ಉಸಿರು ಬಿಟ್ಟಿತು. ಮುಚ್ಚಲು ಹೋದಾಗ ಗಾಜು ಆ ಮೂತಿಯನ್ನು ಮುಟ್ಟಿ ಹಿಂದಕ್ಕೆ ಸರಿಯಿತು. ಹೋರಿಗೆ ಅದು ನೊಣ ಕೂತಷ್ಟೂ ಅನಿಸಲಿಲ್ಲ. ಇಷ್ಟೂ ಹೊತ್ತು ಹಾಲೇಶಪ್ಪನ ಎರಡೂ ಕೈ ಸ್ಟೇರಿಂಗಿನ ಮೇಲೇ ಇದ್ದವು.

ಸ್ವಲ್ಪ ಮುಂದೆ ಅವನು ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿ ಫೋನು ತೆಗೆದ. "ಹೋರಿ ಕೊಡದಿಲ್ಲ ಕಣ್ರಿ" ಎಂದ. ಆ ಕಡೆಯವರು ಏನೋ ಕೇಳಿದರು. "ಇಲ್ರಿ, ಮುಂದಿನ ವರ್ಷನೂ ಕೊಡದಿಲ್ಲ." ಗೌರಮ್ಮ ಕಿಟಕಿಯ ಕಡೆ ಮುಖ ತಿರುಗಿಸಿ ಅಳುತ್ತಿದ್ದರು. ಮೂಗುದಾರದ ಹಗ್ಗ ಮಾತ್ರ ಕೈಯಲ್ಲೇ ಇತ್ತು. ನನ್ನ ಕಣ್ಣೂ ಒದ್ದೆಯಾಯಿತು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆಮೇಲೆ ಅಂಥ ಗಾಜು ಇನ್ನೂ ನಾಲ್ಕು ಗಾಡಿಗೆ ಕೂರಿಸಿದೆ. ಕೆಲಸ ನನಗೆ ಆಗಲೂ ಬರುತ್ತಿತ್ತು, ಈಗಲೂ ಬರುತ್ತದೆ. ಆದರೆ ಅಲ್ಲಿಯವರೆಗೆ ಸ್ವಿಚ್ಚು ಒತ್ತುವವರೇ ನನ್ನ ಗಿರಾಕಿ ಎಂದು ತಿಳಿದಿದ್ದೆ. ಈಗ ಯಾರೇ ಗಾಡಿ ತಂದರೂ ಮೊದಲು ಕೇಳುವುದು, ಗಾಜಿನ ಆಚೆ ಕಡೆ ಯಾರಿರುತ್ತಾರೆ ಎಂದು. ಅವರಿಗೆ ಮಾತು ಬರದಿದ್ದರೂ ಅವರೂ ನನ್ನ ಗಿರಾಕಿಗಳೇ.